ಬೇರಿಯಾಟ್ರಿಕ್ ಸರ್ಜರಿಯ ಖರ್ಚು ಮತ್ತು ಅಮೆರಿಕದ ಟ್ಯಾಕ್ಸ್ ರಿಟರ್ನ್

ತೂಕ ಇಳಿಸುವ ಬೇರಿಯಾಟ್ರಿಕ್ ಸರ್ಜರಿಯನ್ನು, ಜಠರದ ಭಾಗ ತೆಗೆಯುವ ಸ್ಲೀವ್ ಆಗಲಿ, ಕರುಳಿನ ದಾರಿ ಬದಲಿಸುವ ಗ್ಯಾಸ್ಟ್ರಿಕ್ ಬೈಪಾಸ್ ಆಗಲಿ, ಕೈಯಿಂದ ಹಣ ಕೊಟ್ಟು ಮಾಡಿಸಿಕೊಂಡವರು ಡಿಡಕ್ಷನ್ (ಖರ್ಚನ್ನು ಟ್ಯಾಕ್ಸ್ ಬೀಳುವ ಆದಾಯದಿಂದ ಕಳೆಯುವುದು) ಬಗ್ಗೆ ಯೋಚಿಸುವುದು ಸಾಮಾನ್ಯವಾಗಿ ಮುಂದಿನ ಏಪ್ರಿಲ್‌ನಲ್ಲಿ, ಫೈಲಿಂಗ್ ಗಡುವು ತಲೆಮೇಲೆ ಬಂದಾಗ. ಅಷ್ಟು ಹೊತ್ತಿಗೆ ಮಾಡಲು ಉಳಿದಿರುವುದು ಕೂಡುವ ಲೆಕ್ಕ ಮಾತ್ರ. ಡಿಡಕ್ಷನ್ ಸಿಗುತ್ತದೋ ಇಲ್ಲವೋ ಎನ್ನುವುದು ಸರ್ಜರಿಗೆ ಮುಂಚೆಯೇ ಬಹುಪಾಲು ತೀರ್ಮಾನವಾಗಿರುತ್ತದೆ. ಡಾಕ್ಟರ್ ಏನು ಬರೆದುಕೊಟ್ಟರು, ನೀವು ಯಾವ ಕ್ಯಾಲೆಂಡರ್ ವರ್ಷದಲ್ಲಿ ಹಣ ಕಟ್ಟಿದಿರಿ, ಇವೆರಡರ ಮೇಲೆ ಎಲ್ಲ ನಿಂತಿದೆ.

ಮೊದಲು ಕಾನೂನಿನ ಬುಡ. 2002ರಲ್ಲಿ ಅಮೆರಿಕದ ಟ್ಯಾಕ್ಸ್ ಇಲಾಖೆಯಾದ ಐಆರ್‌ಎಸ್ ಹೊರಡಿಸಿದ ರೆವೆನ್ಯೂ ರೂಲಿಂಗ್ 2002-19 ಬೊಜ್ಜನ್ನು ಅದಾಗಿಯೇ ಒಂದು ಕಾಯಿಲೆ ಎಂದು ಒಪ್ಪಿಕೊಂಡಿತು. ಡಾಕ್ಟರ್ ಗುರುತಿಸಿದ ಬೊಜ್ಜು, ಬಿಪಿ, ಹೃದ್ರೋಗದಂಥ ನಿರ್ದಿಷ್ಟ ಕಾಯಿಲೆಯ ಚಿಕಿತ್ಸೆಗಾಗಿ ತೂಕ ಇಳಿಸಿಕೊಂಡರೆ ಆ ಖರ್ಚು ವೈದ್ಯಕೀಯ ಖರ್ಚೇ. ಚೆನ್ನಾಗಿ ಕಾಣಬೇಕು, ಮೈ ಹಗುರಾಗಬೇಕು ಎಂದಷ್ಟೇ ಇಳಿಸಿಕೊಂಡರೆ ಅಲ್ಲ. ಡಾಕ್ಟರ ಪತ್ರ ಹೇಳಬೇಕಾದದ್ದು ಈ ವ್ಯತ್ಯಾಸವನ್ನೇ.

ಪತ್ರದ ತಾರೀಖು ಸರ್ಜರಿಗಿಂತ ಮುಂಚಿನದಾಗಿರಲಿ. ಎತ್ತರ, ತೂಕ, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ), ಬೊಜ್ಜಿನ ಡಯಾಗ್ನೋಸಿಸ್ ಮತ್ತು ಅದರ ಕೋಡ್, ಜೊತೆಗಿರುವ ಕಾಯಿಲೆಗಳು, ಹಿಂದೆ ಮಾಡಿದ ಡಯಟ್ ಅಥವಾ ಔಷಧದ ಪ್ರಯತ್ನಗಳು, ಯಾವ ಸರ್ಜರಿಯನ್ನು ಯಾಕೆ ಸೂಚಿಸಲಾಗಿದೆ, ಇಷ್ಟೂ ಅದರಲ್ಲಿರಬೇಕು. ಟೈಪ್ 2 ಡಯಾಬಿಟಿಸ್ ಇದ್ದರೆ ಎಚ್‌ಬಿಎ1ಸಿ (ಕಳೆದ ಕೆಲವು ತಿಂಗಳ ಸರಾಸರಿ ಸಕ್ಕರೆ) ಅಂಕಿ, ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆ) ಇದ್ದರೆ ಸ್ಲೀಪ್ ಸ್ಟಡಿಯ ವರದಿ ಲಗತ್ತಿಸಿ. 2024ರ ಅಕ್ಟೋಬರ್‌ನಿಂದ ಬೊಜ್ಜಿಗೆ ಹೊಸ ಕೋಡ್‌ಗಳು ಬಂದಿವೆ: ಒಂದನೇ, ಎರಡನೇ, ಮೂರನೇ ದರ್ಜೆಗೆ ಕ್ರಮವಾಗಿ ಇ66.811, ಇ66.812, ಇ66.813. ಪತ್ರದಲ್ಲಿ ಒಂದು, ಆಸ್ಪತ್ರೆಯ ಬಿಲ್‌ನಲ್ಲಿ ಇನ್ನೊಂದು ಕೋಡ್ ಇದ್ದರೆ ಕೇಳಿ ಸರಿಪಡಿಸಿಕೊಳ್ಳಿ. ವರ್ಷ ಕಳೆದ ಮೇಲೆ ಬಿಲ್ಲಿಂಗ್ ಆಫೀಸಿನವರಿಂದ ಆ ಕೆಲಸ ಮಾಡಿಸುವುದು ಕಷ್ಟ.

ಇನ್ಶೂರೆನ್ಸ್ ಕಂಪನಿ ನಿರಾಕರಿಸಿದೆ, ಹಾಗಾಗಿ ಟ್ಯಾಕ್ಸ್‌ನಲ್ಲೂ ತೋರಿಸುವಂತಿಲ್ಲ ಎಂದು ತುಂಬಾ ಜನ ನಂಬಿದ್ದಾರೆ. ಇದು ತಪ್ಪು. ಬಿಎಂಐ ಇಷ್ಟೇ ಇರಬೇಕು ಎಂಬ ಗೆರೆಯನ್ನು ಐಆರ್‌ಎಸ್ ಎಲ್ಲೂ ಎಳೆದಿಲ್ಲ. ಇನ್ಶೂರೆನ್ಸ್‌ನವರು ಹಿಡಿಯುವ ಅಳತೆಗೋಲು ಹೆಚ್ಚಾಗಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ 1991ರ ಮಾನದಂಡದ್ದು: ಬಿಎಂಐ 40, ಅಥವಾ ಜೊತೆ ಕಾಯಿಲೆಯಿದ್ದರೆ 35. ಆದರೆ 2022ರಲ್ಲಿ ಎಎಸ್‌ಎಂಬಿಎಸ್ ಮತ್ತು ಐಎಫ್‌ಎಸ್‌ಒ ಎಂಬ ಸರ್ಜನ್‌ಗಳ ಸಂಘಗಳು ಈ ಮಿತಿಯನ್ನು ಇಳಿಸಿದವು. ಏಷ್ಯಾ ಮೂಲದವರಿಗೆ 27.5ರಿಂದಲೇ ಸರ್ಜರಿಯನ್ನು ಪರಿಗಣಿಸಬಹುದು ಎಂದವು. ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಅಂಟಿಕೊಳ್ಳುವ ನಮ್ಮಂಥವರಿಗೆ ಇದು ದೊಡ್ಡ ವಿಷಯ. 160 ಸೆಂಟಿಮೀಟರ್ ಎತ್ತರ, 80 ಕಿಲೋ ತೂಕದವರ ಬಿಎಂಐ 31.25. ಇನ್ಶೂರೆನ್ಸ್ ಇವರಿಗೆ ಇಲ್ಲ ಎನ್ನಬಹುದು. ಡಯಾಬಿಟಿಸ್ ಹತೋಟಿಗೆ ಬಾರದ್ದರಿಂದ ಸರ್ಜರಿ ಬೇಕು ಎಂದು ಡಾಕ್ಟರ್ ಬರೆದಿದ್ದರೆ ಖರ್ಚು ವೈದ್ಯಕೀಯವೇ ಆಗುತ್ತದೆ. ನಿರಾಕರಣೆಯ ಪತ್ರವನ್ನು ಸಿಟ್ಟಿನಲ್ಲಿ ಎಸೆಯಬೇಡಿ. ಈ ಹಣ ಇನ್ಶೂರೆನ್ಸ್‌ನಿಂದ ವಾಪಸ್ ಬಂದಿಲ್ಲ ಎನ್ನುವುದಕ್ಕೆ ಅದೇ ಪುರಾವೆ.

ಇನ್ನು ದುಡ್ಡಿನ ಲೆಕ್ಕ. ಬಹಳ ಜನ ಎಡವುವುದು ಇಲ್ಲಿ. ವೈದ್ಯಕೀಯ ಖರ್ಚು ಹೋಗುವುದು ಷೆಡ್ಯೂಲ್ ಎಗೆ, ಅಂದರೆ ಡಿಡಕ್ಷನ್‌ಗಳನ್ನು ಒಂದೊಂದಾಗಿ ಪಟ್ಟಿ ಮಾಡುವ (ಐಟಮೈಸ್) ಫಾರಂಗೆ. ನಿಮ್ಮ ಎಜಿಐನ (ಕೆಲವು ಹೊಂದಾಣಿಕೆಗಳ ನಂತರದ ಒಟ್ಟು ಆದಾಯ) ಶೇ 7.5ನ್ನು ದಾಟಿದ ಭಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ. ಅದರ ಮೇಲೆ, ಷೆಡ್ಯೂಲ್ ಎಯ ಒಟ್ಟು ಮೊತ್ತ, ಪಟ್ಟಿಯಿಲ್ಲದೆ ಕಳೆಯಬಹುದಾದ ನಿಗದಿ ಮೊತ್ತವಾದ ಸ್ಟಾಂಡರ್ಡ್ ಡಿಡಕ್ಷನ್‌ಗಿಂತ ಹೆಚ್ಚಿರಬೇಕು. 2025ಕ್ಕೆ ಅದು ಒಂಟಿಯಾಗಿ ಫೈಲ್ ಮಾಡುವವರಿಗೆ 15,750 ಡಾಲರ್, ಜಂಟಿಯಾಗಿ ಮಾಡುವ ಗಂಡಹೆಂಡತಿಗೆ 31,500 ಡಾಲರ್.

ಎಜಿಐ 1,40,000 ಡಾಲರ್ ಇರುವ ದಂಪತಿಯನ್ನು ತೆಗೆದುಕೊಳ್ಳಿ. ಶೇ 7.5 ಅಂದರೆ 10,500. ಸರ್ಜರಿ, ಟೆಸ್ಟ್, ಓಡಾಟ ಎಲ್ಲ ಸೇರಿ ಕೈಯಿಂದ ಹೋದದ್ದು 22,000. ಉಳಿಯುವ ವೈದ್ಯಕೀಯ ಡಿಡಕ್ಷನ್ 11,500. ರಾಜ್ಯದ ಟ್ಯಾಕ್ಸ್ ಮತ್ತು ಮನೆ ಕಂದಾಯ ಸೇರಿ 17,000, ಮನೆ ಸಾಲದ ಬಡ್ಡಿ 9,000. ಒಟ್ಟು 37,500. ಸ್ಟಾಂಡರ್ಡ್‌ಗಿಂತ 6,000 ಹೆಚ್ಚು. ಶೇ 22ರ ದರದಲ್ಲಿ ಉಳಿತಾಯ 1,320 ಡಾಲರ್. ಅದೇ ದಂಪತಿ ಬಾಡಿಗೆ ಮನೆಯಲ್ಲಿದ್ದು, ರಾಜ್ಯದ ಟ್ಯಾಕ್ಸ್ 6,000 ಮಾತ್ರ ಇದ್ದಿದ್ದರೆ ಒಟ್ಟು 17,500. ಫೆಡರಲ್ ಉಳಿತಾಯ ಸೊನ್ನೆ. 22,000 ಖರ್ಚಾಯಿತು, 22,000 ಕಳೆಯುತ್ತಾರೆ ಎಂದುಕೊಂಡು ಸಾಲ ಮಾಡಿ ಸರ್ಜರಿಗೆ ಹೊರಡುವವರು ಈ ಎರಡು ಲೆಕ್ಕಗಳನ್ನು ತಮ್ಮ ಅಂಕಿಗಳಿಟ್ಟು ಮೊದಲೇ ಮಾಡಿ ನೋಡಬೇಕು. ಅಂದಹಾಗೆ, ಅಂಥ ಸಾಲದ ಬಡ್ಡಿಗೆ ಡಿಡಕ್ಷನ್ ಇಲ್ಲ.

ಫೆಡರಲ್‌ನಲ್ಲಿ ಸೊನ್ನೆ ಬಂತು ಎಂದು ಕಾಗದ ಕಟ್ಟಿಡಬೇಡಿ. ನ್ಯೂಜೆರ್ಸಿಯಲ್ಲಿ ಮಿತಿ ಆ ರಾಜ್ಯದ ಒಟ್ಟು ಆದಾಯದ ಶೇ 2 ಮಾತ್ರ. ಫೆಡರಲ್‌ನಲ್ಲಿ ಸ್ಟಾಂಡರ್ಡ್ ತೆಗೆದುಕೊಂಡಿದ್ದರೂ ಅಲ್ಲಿ ವೈದ್ಯಕೀಯ ಖರ್ಚನ್ನು ಕಳೆಯಬಹುದು. ಎಡಿಸನ್ ಸುತ್ತಮುತ್ತ ಇರುವ ಎಷ್ಟೋ ಕನ್ನಡದ ಕುಟುಂಬಗಳು ಇದನ್ನು ಸುಮ್ಮನೆ ಬಿಟ್ಟುಕೊಡುತ್ತಿರಬಹುದು. ಕ್ಯಾಲಿಫೋರ್ನಿಯಾದಲ್ಲಿ ಮಿತಿ ಶೇ 7.5 ಆದರೂ ರಾಜ್ಯದ ಸ್ಟಾಂಡರ್ಡ್ ಡಿಡಕ್ಷನ್ ಬಹಳ ಸಣ್ಣದು. 2024ರಲ್ಲಿ ದಂಪತಿಗೆ 11,080 ಡಾಲರ್. ಹಾಗಾಗಿ ಫೆಡರಲ್‌ಗೆ ಸ್ಟಾಂಡರ್ಡ್, ರಾಜ್ಯಕ್ಕೆ ಐಟಮೈಸ್ ಮಾಡುವುದು ಅಲ್ಲಿ ಲಾಭದಾಯಕವಾಗಬಹುದು.

ಡಿಡಕ್ಷನ್ ಸಿಗುವುದು ಹಣ ಕಟ್ಟಿದ ವರ್ಷಕ್ಕೆ. ಕ್ರೆಡಿಟ್ ಕಾರ್ಡಿನಲ್ಲಿ ಡಿಸೆಂಬರ್ 30ಕ್ಕೆ ಕಟ್ಟಿದರೆ ಅದು ಆ ವರ್ಷದ ಖರ್ಚು, ಕಾರ್ಡಿನ ಬಾಕಿ ಯಾವಾಗ ತೀರಿಸಿದರೂ ಸರಿ. ಆಸ್ಪತ್ರೆಗೇ ಕಂತಿನಲ್ಲಿ ಕಟ್ಟುತ್ತಿದ್ದರೆ ಆಯಾ ವರ್ಷ ಕಟ್ಟಿದ್ದು ಆಯಾ ವರ್ಷಕ್ಕೆ. ಮೂರು ವರ್ಷಕ್ಕೆ ಹಂಚಿಹೋದ ಕಂತು ಪ್ರತಿ ವರ್ಷವೂ ಶೇ 7.5ರ ಗೆರೆ ದಾಟದೆ ಪೂರಾ ವ್ಯರ್ಥವಾಗಬಹುದು. ಆದ್ದರಿಂದ ಟೆಸ್ಟ್‌ಗಳು, ಸರ್ಜರಿ, ಮನೆಮಂದಿಯ ಹಲ್ಲು, ಕನ್ನಡಕದ ಖರ್ಚು, ಆದಷ್ಟೂ ಒಂದೇ ಕ್ಯಾಲೆಂಡರ್ ವರ್ಷದೊಳಗೆ ಬರುವಂತೆ ನೋಡಿಕೊಳ್ಳಿ. ನವೆಂಬರ್‌ನಲ್ಲಿ ಪರೀಕ್ಷೆ ಶುರುಮಾಡಿ ಫೆಬ್ರವರಿಯಲ್ಲಿ ಸರ್ಜರಿ ಮಾಡಿಸುವುದಕ್ಕಿಂತ, ಡಾಕ್ಟರ್ ಒಪ್ಪಿದರೆ, ಎಲ್ಲವನ್ನೂ ಜನವರಿಯಿಂದ ಶುರುಮಾಡುವುದು ಒಳ್ಳೆಯದು. ಮುಂದಿನ ವರ್ಷದ ನಡುವೆ ಆಗುವ ಸರ್ಜರಿಗೆ ಈ ವರ್ಷವೇ ಮುಂಗಡ ಕಟ್ಟಿ ಡಿಡಕ್ಷನ್ ಕೇಳುವುದು ಮಾತ್ರ ನಡೆಯುವುದಿಲ್ಲ.

ಏನೇನು ಸೇರಿಸಬಹುದು? ಸರ್ಜನ್, ಅರಿವಳಿಕೆ, ಆಸ್ಪತ್ರೆಯ ಬಿಲ್‌ಗಳನ್ನು ಯಾರೂ ಮರೆಯುವುದಿಲ್ಲ. ಮರೆಯುವುದು ಸರ್ಜರಿಗೆ ಮುಂಚಿನವನ್ನು: ಮನಶ್ಶಾಸ್ತ್ರಜ್ಞರ ಮೌಲ್ಯಮಾಪನ, ಎಂಡೋಸ್ಕೋಪಿ, ಸ್ಲೀಪ್ ಸ್ಟಡಿ, ಡಯಟೀಷಿಯನ್ ಫೀಸು. ಕಾರಿನಲ್ಲಿ ಹೋದದ್ದಕ್ಕೆ 2025ರಲ್ಲಿ ಮೈಲಿಗೆ 21 ಸೆಂಟ್, ಜೊತೆಗೆ ಟೋಲ್ ಮತ್ತು ಪಾರ್ಕಿಂಗ್. ಬೇರೆ ಊರಿನ ಆಸ್ಪತ್ರೆಯಾದರೆ ತಂಗುವ ಖರ್ಚು ಒಬ್ಬರಿಗೆ ರಾತ್ರಿಗೆ 50 ಡಾಲರ್‌ವರೆಗೆ. ಜೊತೆಗೆ ಒಬ್ಬರು ಇರಲೇಬೇಕಿದ್ದರೆ 100. ಹೋಟೆಲಿನ ಊಟ ಸೇರದು.

ಸರ್ಜರಿ ಆದ ಮೇಲಿನವುಗಳಲ್ಲಿ ಎಚ್ಚರ ಬೇಕು. ಬೈಪಾಸ್‌ನಲ್ಲಿ ಸಣ್ಣ ಕರುಳಿನ ಮೊದಲ ಭಾಗಕ್ಕೆ ಆಹಾರ ಹೋಗುವುದೇ ಇಲ್ಲ. ಕಬ್ಬಿಣ, ಕ್ಯಾಲ್ಸಿಯಂ ಸರಿಯಾಗಿ ಹೀರಿಕೆಯಾಗುವುದಿಲ್ಲ, ಬಿ12 ಕೂಡ ಕುಸಿಯುತ್ತದೆ. ಮಾತ್ರೆ ಜೀವನಪೂರ್ತಿ ಬೇಕು. ಆದರೆ ವಿಟಮಿನ್‌ಗಳು ತಾವಾಗಿಯೇ ಡಿಡಕ್ಷನ್‌ಗೆ ಬರುವುದಿಲ್ಲ. ಈ ಸ್ಥಿತಿಯ ಚಿಕಿತ್ಸೆಗೆ ಇಂಥ ಮಾತ್ರೆ ಇಷ್ಟು ಪ್ರಮಾಣದಲ್ಲಿ ಎಂದು ಡಾಕ್ಟರಿಂದ ಬರೆಸಿಕೊಳ್ಳಿ. ಪ್ರೋಟೀನ್ ಪುಡಿ, ಡಯಟ್ ಆಹಾರ ಮಾಮೂಲಿ ಊಟದ ಬದಲಿಗೆ ತಿನ್ನುವಂಥವಾದ್ದರಿಂದ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಜಿಮ್ ಸದಸ್ಯತ್ವವೂ ಇಲ್ಲ. ಚೀಟಿಯಿಲ್ಲದೆ ಕೊಂಡ ನೋವಿನ ಮಾತ್ರೆ ಷೆಡ್ಯೂಲ್ ಎಗೆ ಬರುವುದಿಲ್ಲ; ಎಚ್‌ಎಸ್‌ಎ ಅಥವಾ ಎಫ್‌ಎಸ್‌ಎ ಎಂಬ ಟ್ಯಾಕ್ಸ್ ಇಲ್ಲದ ಆರೋಗ್ಯ ಖಾತೆಗಳ ಹಣದಿಂದ ಕೊಳ್ಳಬಹುದು. ಆ ಖಾತೆಗಳಿಂದ ಕಟ್ಟಿದ ಒಂದು ಡಾಲರನ್ನೂ ಮತ್ತೆ ಷೆಡ್ಯೂಲ್ ಎಯಲ್ಲಿ ತೋರಿಸಬಾರದು. ಸಂಬಳದಿಂದ ಟ್ಯಾಕ್ಸ್‌ಗೆ ಮುಂಚೆಯೇ ಕಡಿತವಾದ ಪ್ರೀಮಿಯಂ ಕೂಡ ಹಾಗೆಯೇ.

ತೂಕ ಇಳಿದ ಮೇಲೆ ಜೋತುಬೀಳುವ ಚರ್ಮ ತೆಗೆಸುವ ಸರ್ಜರಿಯದು ಬೇರೆ ತಕರಾರು. ಸೌಂದರ್ಯದ ಸರ್ಜರಿಗೆ ಡಿಡಕ್ಷನ್ ಇಲ್ಲ ಎಂಬುದು ನಿಯಮ. 2001ರ ಟ್ಯಾಕ್ಸ್ ಕೋರ್ಟಿನ ಒಂದು ಸಂಕ್ಷಿಪ್ತ ತೀರ್ಪು ಅಂಥ ಖರ್ಚನ್ನು ಒಪ್ಪಿತ್ತು, ಆದರೆ ಆ ಬಗೆಯ ತೀರ್ಪುಗಳು ಬೇರೆ ಪ್ರಕರಣಕ್ಕೆ ಪೂರ್ವನಿದರ್ಶನವಾಗುವುದಿಲ್ಲ. ಚರ್ಮದ ಮಡಿಕೆಯಲ್ಲಿ ಪದೇಪದೇ ಸೋಂಕು, ಹುಣ್ಣು, ನಡೆಯಲು ತೊಂದರೆ ಇದ್ದರೆ ಪ್ರತಿ ಭೇಟಿಯಲ್ಲೂ ಅದು ದಾಖಲಾಗಲಿ, ಫೋಟೋ ಫೈಲಿನಲ್ಲಿರಲಿ.

ಬೆಂಗಳೂರಿನಲ್ಲಿ ಮಾಡಿಸಿದರೂ ಸರ್ಜರಿಯ ಖರ್ಚು ಲೆಕ್ಕಕ್ಕೆ ಬರುತ್ತದೆ; ಚಿಕಿತ್ಸೆ ಅಮೆರಿಕದಲ್ಲೇ ಆಗಬೇಕೆಂದಿಲ್ಲ. ಹಣ ಕಟ್ಟಿದ ದಿನದ ದರದಲ್ಲಿ ರೂಪಾಯಿಯನ್ನು ಡಾಲರಿಗೆ ಪರಿವರ್ತಿಸಿ, ನಗದು ಬೇಡ, ಕಾರ್ಡು ಅಥವಾ ಬ್ಯಾಂಕ್ ಮೂಲಕವೇ ಕಟ್ಟಿ, ಡಿಸ್ಚಾರ್ಜ್ ಸಮ್ಮರಿಯನ್ನು ಜೋಪಾನವಾಗಿಡಿ. ವಿಮಾನದ ಟಿಕೆಟ್ ಮಾತ್ರ, ಪ್ರಯಾಣದ ಮುಖ್ಯ ಉದ್ದೇಶ ಚಿಕಿತ್ಸೆಯೇ ಆಗಿದ್ದರೆ ಸರಿ. ಬೇಸಿಗೆ ರಜೆಗೆ ಊರಿಗೆ ಹೋಗಿ, ಮದುವೆ ಮುಗಿಸಿ, ನಡುವೆ ಸರ್ಜರಿ ಮಾಡಿಸಿಕೊಂಡವರು ಟಿಕೆಟ್ ಬಿಟ್ಟುಬಿಡುವುದೇ ಕ್ಷೇಮ. ಊರಲ್ಲೇ ವಾಸವಿರುವ ಅಪ್ಪ ಅಮ್ಮನ ಸರ್ಜರಿಗೆ ನೀವು ಇಲ್ಲಿಂದ ಹಣ ಕಳಿಸಿದರೆ ಸಾಮಾನ್ಯವಾಗಿ ಡಿಡಕ್ಷನ್ ಇಲ್ಲ. ಅವರು ಅಮೆರಿಕದ ಪ್ರಜೆಯೋ ಟ್ಯಾಕ್ಸ್ ಮಟ್ಟಿಗೆ ಇಲ್ಲಿನ ನಿವಾಸಿಯೋ ಆಗಿದ್ದು, ಅವರ ಪೋಷಣೆಯ ಅರ್ಧಕ್ಕಿಂತ ಹೆಚ್ಚು ನಿಮ್ಮದಾಗಿದ್ದರೆ ಸಿಗುತ್ತದೆ. ಎಫ್-1 ವೀಸಾದ ಮೊದಲ ವರ್ಷಗಳಲ್ಲಿ 1040-ಎನ್‌ಆರ್ (ಅನಿವಾಸಿಗಳ ರಿಟರ್ನ್) ಫೈಲ್ ಮಾಡುವ ವಿದ್ಯಾರ್ಥಿಗಳಿಗೆ ವೈದ್ಯಕೀಯ ಡಿಡಕ್ಷನ್ನೇ ಇಲ್ಲ.

ರಿಟರ್ನ್ ಜೊತೆ ರಸೀದಿ ಕಳಿಸುವ ಅಗತ್ಯವಿಲ್ಲ. ಆದರೆ ಕನಿಷ್ಠ ಮೂರು ವರ್ಷ ಎಲ್ಲವೂ ಒಂದೇ ಕಡೆ ಇರಲಿ: ಡಾಕ್ಟರ ಪತ್ರ, ಬಿಲ್‌ಗಳು, ಇನ್ಶೂರೆನ್ಸ್‌ನ ಇಒಬಿ (ಎಷ್ಟು ಕೊಟ್ಟಿತು, ಎಷ್ಟು ಕೊಡಲಿಲ್ಲ ಎಂಬ ವಿವರಪತ್ರ), ಕಾರ್ಡ್ ಸ್ಟೇಟ್‌ಮೆಂಟ್, ಮೈಲಿಗಳ ಪಟ್ಟಿ. ಅಪೀಲು ಗೆದ್ದು ಇನ್ಶೂರೆನ್ಸ್ ಮುಂದಿನ ವರ್ಷ ಹಣ ಕೊಟ್ಟರೆ, ಹಿಂದಿನ ಡಿಡಕ್ಷನ್‌ನಿಂದ ಲಾಭವಾದ ಮಟ್ಟಿಗೆ ಆ ಹಣವನ್ನು ಆದಾಯವಾಗಿ ತೋರಿಸಬೇಕು. ಹಿಂದಿನ ವರ್ಷದ್ದನ್ನು ಕೇಳದೆ ಬಿಟ್ಟಿದ್ದರೆ ತಿದ್ದುಪಡಿ ರಿಟರ್ನ್ ಆದ 1040-ಎಕ್ಸ್ ಇದೆ: ಫೈಲ್ ಮಾಡಿ ಮೂರು ವರ್ಷ, ಅಥವಾ ಟ್ಯಾಕ್ಸ್ ಕಟ್ಟಿ ಎರಡು ವರ್ಷ, ಯಾವುದು ತಡವೋ ಅಲ್ಲಿಯವರೆಗೆ. ರಾಜ್ಯದ ತಿದ್ದುಪಡಿ ರಿಟರ್ನ್ ಬೇರೆಯಾಗಿ ಕಳಿಸಬೇಕು.