ಮಾವನ ಪಂಚೆ, ಏಳನೇ ಒಗೆತ: ಕಳ್ಳ ಸಂಪಿನಲ್ಲೇ ಇದ್ದ

ಪಂಚೆ ಬೆಳ್ಳಗಾಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದ್ದನ್ನೆಲ್ಲ ಓದುವಾಗ ನಿಮಗೂ ನನ್ನ ಹಾಗೆ ಹೊಟ್ಟೆ ಉರಿಯುತ್ತದೆ.

ನೆನಪಿಗೆ ಒಂದೆರಡು ಮಾತು. ಮಾವನ ಹತ್ತಿ ಪಂಚೆ, ಜರಿ ಅಂಚಿನದ್ದು. ಊರಿನ ಬಾವಿ ನೀರಿನಲ್ಲಿ ಒಗೆದು ಒಗೆದು ಹಾಲಿನ ಹಾಗಿತ್ತು. ಬೆಂಗಳೂರಿನ ನಮ್ಮ ಮನೆಗೆ ಬಂದ ಮೇಲೆ ಮೂರು ಒಗೆತಕ್ಕೆ ಕೆನೆ ಬಣ್ಣ, ಐದಕ್ಕೆ ಹಳೇ ಪೋಸ್ಟ್ ಕಾರ್ಡ್ ಬಣ್ಣ. ಮಾವ ಬೈಯಲಿಲ್ಲ. "ಅಳಿಯಂದ್ರೇ, ನಿಮ್ಮ ಮೆಷಿನ್ನು ಹತ್ತಿ ಪಂಚೇನ ರೇಷ್ಮೆ ಪಂಚೆ ಮಾಡುತ್ತಲ್ಲ" ಅಂದರು, ಅಷ್ಟೆ. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು.

ಬಿಳಿ ಬೇರೆ ಬಣ್ಣ ಬೇರೆ ಮಾಡುವುದು, ನೆನೆಹಾಕುವುದು, ಕಾಲರ್ ಉಜ್ಜುವುದು, ಇದೆಲ್ಲ ನಿಮಗೆ ಗೊತ್ತು, ಬಿಟ್ಟುಬಿಡುತ್ತೇನೆ. ಮೊದಲ ಆರು ಒಗೆತದ ಕಥೆಯೂ ಬೇಗ ಮುಗಿಯುತ್ತದೆ. ಪುಡಿ ಎರಡು ಪಟ್ಟು ಹಾಕಿದೆ. ಪಂಚೆ ಒಣಗಿದ ಮೇಲೆ ಹಪ್ಪಳದ ಹಾಗೆ ಸೆಟೆದು ನಿಂತಿತು. ನೀಲಿ ಹಾಕಿದೆ. ಹಳದಿ ಮೇಲೆ ನೀಲಿ ಕೂತರೆ ಏನಾಗುತ್ತದೆ ಅಂತ ಒಂದನೇ ಕ್ಲಾಸ್ ಮಗುವಿಗೂ ಗೊತ್ತು, ನನಗೆ ಮಾತ್ರ ತಿಳಿ ಹಸಿರು ಪಂಚೆ ಕೈಗೆ ಬಂದ ಮೇಲೆ ಗೊತ್ತಾಯಿತು. ನೀಲಿ ಕೊಳೆ ತೆಗೆಯುವುದಿಲ್ಲ, ಕಣ್ಣಿಗೆ ಮೋಸ ಮಾಡುತ್ತದೆ.

ಆಮೇಲೆ ವಾಷಿಂಗ್ ಸೋಡಾ. ಇಲ್ಲಿ ಅಂಗಡಿಯವನಿಗೆ ನನ್ನ ಸಹಸ್ರನಾಮ ಸಲ್ಲಬೇಕು. ಆನ್‌ಲೈನಿನಲ್ಲಿ ಒಂದು ಕೆಜಿ ತರಿಸಿದೆ. ಚೀಟಿಯ ಮೇಲೆ ವಾಷಿಂಗ್ ಸೋಡಾ, ಒಳಗೆ ಅಡುಗೆ ಸೋಡಾ. ಅನುಮಾನ ಬಂದು 100 ಗ್ರಾಂ ತೂಗಿ ಕಬ್ಬಿಣದ ಬಾಣಲೆಯಲ್ಲಿ ಚೆನ್ನಾಗಿ ಹುರಿದೆ. ಅಡುಗೆ ಸೋಡಾ ಕಾದರೆ ನೀರಾವಿಯನ್ನೂ ಕಾರ್ಬನ್ ಡೈಆಕ್ಸೈಡನ್ನೂ ಬಿಟ್ಟು ವಾಷಿಂಗ್ ಸೋಡಾ ಆಗುತ್ತದೆ, ತೂಕ ಇಳಿಯುತ್ತದೆ. ತಣ್ಣಗಾದ ಮೇಲೆ ತಕ್ಕಡಿ 63 ಗ್ರಾಂ ತೋರಿಸಿತು. ಲೆಕ್ಕ ಕರೆಕ್ಟಾಗಿ ಕೂತಿತು. ಅಂದರೆ ಕೆಜಿಯಲ್ಲಿ ನನಗೆ ಸಿಕ್ಕಿದ್ದು ಮುಕ್ಕಾಲಿಗೂ ಕಮ್ಮಿ, ಗ್ಯಾಸ್ ಖರ್ಚು ಬೇರೆ. ವಾಪಸ್ ಕೊಡೋಣ ಅಂದರೆ "ಪ್ಯಾಕೆಟ್ ಒಡೆದಿದೆ ಸರ್" ಅಂದರು. ಒಡೆಯದೆ ಒಳಗೇನಿದೆ ಅಂತ ಹೇಗೆ ನೋಡಲಿ? ಕೊನೆಗೆ ಉಳಿದಿದ್ದನ್ನೂ ಹುರಿದು ಡಬ್ಬಿಗೆ ತುಂಬಿದೆ. ಅತ್ತೆ ಅದನ್ನು ಏನೋ ರವೆ ಅಂದುಕೊಂಡಿದ್ದರು. ಈಗ ಡಬ್ಬಿ ಮೇಲೆ ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ಬರೆದಿದ್ದೇನೆ.

ಸೋಡಾ ಹಾಕಿದರೂ ಪಂಚೆ ಹಳದಿಯೇ. ಇನ್ನೂ ಒಂದು ಕೈ ಜಾಸ್ತಿ ಅಂತಲೇ ಹೇಳಬೇಕು.

ಅಲ್ಲಿಯವರೆಗೆ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಶತ್ರು, ಗಡಸು ನೀರು, ಅಂದರೆ ಕ್ಯಾಲ್ಸಿಯಂ, ಮೆಗ್ನೀಶಿಯಂ ಜಾಸ್ತಿ ಕರಗಿರುವ ನೀರು. ನಮ್ಮ ಬಡಾವಣೆಗೆ ಕಾವೇರಿ ಇನ್ನೂ ಬಂದಿಲ್ಲ. ಸಂಪಿಗೆ ಬೋರ್‌ವೆಲ್ ನೀರು, ಸಾಲದ ದಿನ ಟ್ಯಾಂಕರ್. ಹನಿ ಹಾಕಿ ಗಡಸು ಅಳೆಯುವ ಕಿಟ್ ನಿಮ್ಮ ಹತ್ತಿರವೂ ಇರಬಹುದು. ಇಂಡಿಕೇಟರ್ ಪುಡಿಗೆ ನೀರು ದ್ರಾಕ್ಷಿ ರಸದ ಕೆಂಪಾಗುತ್ತದೆ, ಹನಿ ಹಾಕುತ್ತಾ ಹೋದರೆ ಒಂದು ಹಂತದಲ್ಲಿ ನೀಲಿಗೆ ತಿರುಗುತ್ತದೆ. ನನ್ನ ಕಿಟ್ಟಿನಲ್ಲಿ ಒಂದು ಹನಿ ಅಂದರೆ ಲೀಟರಿಗೆ 25 ಮಿಲಿಗ್ರಾಂ ಗಡಸು. ನಮ್ಮ ಬೋರ್ ನೀರಿಗೆ 22 ಹನಿ, ಅಂದರೆ 550. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಒಪ್ಪುವುದು 200, ಬೇರೆ ದಾರಿಯೇ ಇಲ್ಲದಿದ್ದರೆ 600. ನಾವು ಅಂಚಿನಲ್ಲೇ ಇದ್ದೇವೆ. ಟ್ಯಾಂಕರಿನವನದ್ದು ಇನ್ನೂ ಮಜಾ. ಒಂದು ಲೋಡು 12 ಹನಿ, ಮುಂದಿನ ಲೋಡು 24. "ಒಂದೇ ಬೋರಿಂದು ಸಾರ್" ಅಂತ ಆಣೆ ಮಾಡುತ್ತಾನೆ.

ಈ ಮಧ್ಯೆ ಸಾಫ್ಟ್‌ನರ್ ಮಾರುವವನೊಬ್ಬ ಮನೆಗೇ ಬಂದ. ಬ್ಯಾಗಿನಿಂದ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ್ದರ ಒಟ್ಟು ಲೆಕ್ಕ ತೋರಿಸುವುದು) ತೆಗೆದು ನಮ್ಮ ನೀರಿಗೆ ಅದ್ದಿ, "ನೋಡಿ ಸರ್ 900, ನಮ್ಮ ಮೆಷಿನ್ ಹಾಕಿದರೆ 100 ಬರುತ್ತೆ" ಅಂದ. ಸಾಫ್ಟ್‌ನರ್ ಕ್ಯಾಲ್ಸಿಯಂ, ಮೆಗ್ನೀಶಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತದೆ, ಅಷ್ಟೇ ತಾನೆ? ಕರಗಿದ್ದು ಕರಗಿದ ಹಾಗೇ ಇರುತ್ತದೆ, ಮೀಟರ್ ಇಳಿಯುವುದಿಲ್ಲ. ಹಾಗಂತ ಹೇಳಿದೆ. "ಸರ್ ಇಂಜಿನಿಯರಾ?" ಅಂತ ಕೇಳಿ, ಕಾಫಿ ಕುಡಿದು ಹೋದ.

ಆರನೇ ಒಗೆತ ದುರಂತ. ತಾಳ್ಮೆ ಕೆಟ್ಟು ಕ್ಲೋರಿನ್ ಬ್ಲೀಚ್ ಹಾಕಿದೆ, ಅದೂ ಸೋಡಾ ಹಾಕಿದ ನೀರಿಗೇ. ಹತ್ತು ನಿಮಿಷಕ್ಕೆ ಪಂಚೆ ತುಂಬ ಕಂದು ಮಚ್ಚೆ. ಬಿಳಿ ಮಾಡುವ ವಸ್ತು ಕಂದು ಮಾಡಿತು. ಆವತ್ತು ಮಧ್ಯಾಹ್ನ ನಾನು ಊಟವನ್ನೂ ಸರಿಯಾಗಿ ಮಾಡಲಿಲ್ಲ.

ಸಂಜೆ ಸುಮ್ನೆ ಕೂತು ಯೋಚಿಸಿದಾಗ ಹೊಳೆಯಿತು. ಬ್ಲೀಚಿಗೂ ಬಟ್ಟೆಗೂ ಜಗಳ ಅಲ್ಲ, ಬ್ಲೀಚಿಗೂ ನೀರಿಗೂ ಜಗಳ ಇದ್ದರೆ? ಎರಡು ಗಾಜಿನ ಲೋಟ ತೊಳೆದೆ. ಬೋರ್ ಮೋಟರ್ ಓಡುತ್ತಿರುವಾಗ ಪೈಪಿನಿಂದಲೇ ನೀರು ಹಿಡಿದೆ. ಎರಡೂ ಲೋಟ ಗಾಜಿನಷ್ಟೇ ತಿಳಿ. ಒಂದಕ್ಕೆ ಅರ್ಧ ಚಮಚ ಬ್ಲೀಚ್, ಇನ್ನೊಂದಕ್ಕೆ ಏನೂ ಇಲ್ಲ. ಬ್ಲೀಚ್ ಲೋಟ ನೋಡನೋಡುತ್ತಿದ್ದಂತೆ ಡಿಕಾಕ್ಷನ್ ತೊಳೆದ ನೀರಿನ ಬಣ್ಣಕ್ಕೆ ತಿರುಗಿತು. ಇನ್ನೊಂದು ರಾತ್ರಿಯೆಲ್ಲ ಹಾಗೇ ಇತ್ತು. ಬೆಳಿಗ್ಗೆ ಅದರ ತಳದಲ್ಲೂ ತೆಳುವಾದ ಕಂದು ಪುಡಿ.

ಕಬ್ಬಿಣ!

ನೆಲದಡಿಯಲ್ಲಿ ಗಾಳಿ ಇಲ್ಲದ ಕಡೆ ಕಬ್ಬಿಣ ನೀರಿನಲ್ಲಿ ಕರಗಿ ಕೂತಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಮೇಲೆ ಬಂದು ಗಾಳಿ ತಾಗಿದರೆ ನಿಧಾನಕ್ಕೆ ತುಕ್ಕಾಗುತ್ತದೆ. ಬ್ಲೀಚ್ ತಾಗಿದರೆ ತಡವೇ ಇಲ್ಲ. ಸೋಡಾ ಹಾಕಿ ನೀರನ್ನು ಕ್ಷಾರ ಮಾಡಿದರೆ ಆ ಕೆಲಸ ಇನ್ನೂ ಚುರುಕು. ಹಾಗೆ ಆದ ತುಕ್ಕು ಎಲ್ಲಿ ಕೂರಬೇಕು? ಪಂಚೆಯ ಎಳೆಯಲ್ಲಿ. ಒಟ್ಟಿನಲ್ಲಿ ಆರು ಒಗೆತ ನಾನು ಪಂಚೆ ಒಗೆಯುತ್ತಿರಲಿಲ್ಲ, ತುಕ್ಕಿನಲ್ಲಿ ಬಣ್ಣ ಕಟ್ಟುತ್ತಿದ್ದೆ. ಸಂಪಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟೆ. ತಳದಲ್ಲಿ ಎರಡು ಬೆರಳು ದಪ್ಪ ಕಂದು ಕೆಸರು. ಟ್ಯಾಂಕರ್ ಪೈಪ್ ಬಿಟ್ಟ ದಿನವೆಲ್ಲ ಅದು ಕದಡಿ ಸೀದಾ ಮೆಷಿನ್ನಿಗೆ ಬಂದಿದೆ.

ಅತ್ತೆಗೆ ಹೇಳಿದರೆ, "ತುಕ್ಕಿನ ಕಲೆಗೆ ನಿಂಬೆಹಣ್ಣು, ಉಪ್ಪು ಉಜ್ಜಿ ಬಿಸಿಲಿಗೆ ಹಾಕೋದು. ಅಷ್ಟೂ ಗೊತ್ತಿಲ್ವಾ?" ಅಂದರು. ಎರಡು ವಾರದಿಂದ ಮನೆಯಲ್ಲೇ ಇದ್ದಾರೆ. ನಾನು ಕೇಳಿರಲಿಲ್ಲ.

ಏಳು ಮೊಳದ ಪಂಚೆಗೆ ನಿಂಬೆಹಣ್ಣು ಹಿಂಡುತ್ತಾ ಕೂತರೆ ಆಗದ ಮಾತು. ಗ್ರಂಧಿಗೆ ಅಂಗಡಿಯಿಂದ ನಿಂಬೆ ಉಪ್ಪು ತಂದೆ, ಸಿಟ್ರಿಕ್ ಆಸಿಡ್. ಹತ್ತು ಲೀಟರ್ ಬಿಸಿ ನೀರಿಗೆ 50 ಗ್ರಾಂ. ಮೊದಲು ಬ್ಲೀಚಿನ ವಾಸನೆ ಪೂರ್ತಿ ಹೋಗುವವರೆಗೆ ಪಂಚೆಯನ್ನು ನಾಲ್ಕು ನೀರಿನಲ್ಲಿ ಜಾಲಿಸಿದೆ. ಇದು ಮಾತ್ರ ತಮಾಷೆ ಅಲ್ಲ. ಬ್ಲೀಚಿಗೆ ಹುಳಿ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತದೆ, ಮುಚ್ಚಿದ ಬಚ್ಚಲಲ್ಲಿ ಉಸಿರು ಕಟ್ಟುತ್ತದೆ. ಹಾಗಾಗಿ ಕೆಲಸ ತಾರಸಿಯ ಮೇಲೆ.

ಇನ್ನೊಂದು ತಲೆನೋವು ಜರಿ. ಅದು ಪ್ಲಾಸ್ಟಿಕ್ ಜರಿಯೋ, ಲೋಹದ್ದೋ ಮಾವನಿಗೂ ಗೊತ್ತಿಲ್ಲ. ಲೋಹವಾದರೆ ಹುಳಿ ಅದನ್ನು ಸುಮ್ಮನೆ ಬಿಡುವುದಿಲ್ಲ. ಪಂಚೆಯನ್ನು ಉದ್ದಕ್ಕೆ ಮಡಿಸಿ, ಎರಡೂ ಅಂಚನ್ನು ಒಟ್ಟಿಗೆ ಸುತ್ತಿ, ಬಟ್ಟೆ ಕ್ಲಿಪ್ಪಿನಿಂದ ಬಕೆಟ್ಟಿನ ಬಾಯಿಗೆ ಹಾಕಿದೆ. ಹೊಟ್ಟೆ ನೀರಿನಲ್ಲಿ, ಅಂಚು ಗಾಳಿಯಲ್ಲಿ. ನೀರು ಬಟ್ಟೆ ಹಿಡಿದು ಮೇಲೆ ಏರುತ್ತದಲ್ಲ, ಅದಕ್ಕೆ ಹತ್ತು ನಿಮಿಷಕ್ಕೊಮ್ಮೆ ಅಂಚಿನ ಕೆಳಗೆ ಹಿಂಡುತ್ತಾ ಕೂತೆ. ಪಕ್ಕದ ಮನೆ ತಾರಸಿಯಿಂದ ಒಬ್ಬರು ಬಹಳ ಹೊತ್ತು ನೋಡಿದರು, ಏನೂ ಕೇಳಲಿಲ್ಲ.

ಒಂದು ಗಂಟೆ ಕಳೆಯುವಷ್ಟರಲ್ಲಿ ಬಕೆಟ್ ನೀರು ತಿಳಿ ಹಳದಿಗೆ ತಿರುಗಿತು, ಪಂಚೆ ಬಿಳಿ. ಸುಣ್ಣದಂತೆ ಕೂತಿದ್ದ ಗಡಸಿನ ಪದರವೂ ಹುಳಿಗೆ ಕರಗಿತ್ತು. ಬಟ್ಟೆ ಕೈಗೆ ಮೆತ್ತಗೆ ಸಿಕ್ಕಿತು. ಕುಣಿಯುವುದೊಂದು ಬಾಕಿ. ಖುಷಿಯಲ್ಲಿ ನಲ್ಲಿ ನೀರಿನಲ್ಲೇ ಜಾಲಿಸಿ ಒಣಹಾಕಿದೆ.

ಸಂಜೆ ನೋಡಿದರೆ ನೀರು ತೊಟ್ಟಿಕ್ಕಿದ ಕೆಳಗಿನ ಸಾಲಿನಲ್ಲಿ ಉದ್ದಕ್ಕೆ ಒಂದು ಹಳದಿ ಗೆರೆ. ನನ್ನ ಹಣೆಬರಹ ಅಂತ ಬರೆದ ಹಾಗಿತ್ತು.

ತಪ್ಪು ನನ್ನದೇ. ಬೋರ್ ನೀರಿನಲ್ಲೇ ಜಾಲಿಸಿದರೆ ತೆಗೆದ ಕಬ್ಬಿಣವನ್ನು ಮತ್ತೆ ಕೊಟ್ಟ ಹಾಗೆ. ಕೊನೆಯ ನೀರಿಗೇ ಚೂರು ನಿಂಬೆ ಉಪ್ಪು ಹಾಕಿ ಬಿಡೋಣ ಅಂದುಕೊಂಡೆ. ಆದರೆ ಹುಳಿ ಉಳಿದ ಹತ್ತಿಗೆ ಬಿಸಿ ಇಸ್ತ್ರಿ ಇಟ್ಟರೆ ಆ ಹುಳಿಯೇ ಹಳದಿ ತರುತ್ತದೆ, ಬಟ್ಟೆಯೂ ಸೋಲುತ್ತದೆ. ಮಾವನಿಗೆ ಗರಿ ಗರಿ ಇಸ್ತ್ರಿ ಬೇಕೇ ಬೇಕು.

ಕೊನೆಗೆ ಸಿಕ್ಕ ದಾರಿ ಎಷ್ಟು ಸುಲಭ ಅಂದರೆ ನಾಚಿಕೆ ಆಗುತ್ತದೆ. 200 ಲೀಟರಿನ ನೀಲಿ ಡ್ರಮ್ಮು. ಬೋರ್ ನೀರನ್ನು ಶವರ್ ತಲೆಯಿಂದ ಎತ್ತರದಿಂದ ಬೀಳಿಸಿ ತುಂಬುವುದು, ಆಗ ಗಾಳಿ ಚೆನ್ನಾಗಿ ಸೇರುತ್ತದೆ. ಆವತ್ತು ಎರಡು ಮೂರು ಸಲ ಕೋಲಿನಲ್ಲಿ ಕಲಕುವುದು. ಒಂದು ರಾತ್ರಿ, ಒಂದು ಹಗಲು ಮುಟ್ಟದೆ ಬಿಡುವುದು. ತುಕ್ಕು ತಳಕ್ಕೆ ಇಳಿಯುತ್ತದೆ. ನಲ್ಲಿಯನ್ನು ತಳದಿಂದ ಒಂದು ಗೇಣು ಮೇಲೆ ಕೂರಿಸಿದ್ದೇನೆ, ಬಾಯಿಗೆ ಹಳೇ ಪಂಚೆ ಚೂರು ನಾಲ್ಕು ಮಡಿಕೆ. ಆ ನೀರನ್ನು ಲೋಟಕ್ಕೆ ಹಿಡಿದು ಬ್ಲೀಚ್ ಹಾಕಿ ನೋಡಿದೆ. ಐದು ನಿಮಿಷ ಕಾದೆ. ತಿಳಿ. ಅರ್ಧ ಗಂಟೆ ಬಿಟ್ಟು ಮತ್ತೆ ಬಂದು ನೋಡಿದೆ. ತಿಳಿ!

ಏಳನೇ ಒಗೆತ: ಮತ್ತೆ ನಿಂಬೆ ಉಪ್ಪು, ಆಮೇಲೆ ಡ್ರಮ್ಮಿನ ನೀರಿನಲ್ಲಿ ಸೋಪಿನ ಪುಡಿ, ಆಮೇಲೆ ಡ್ರಮ್ಮಿನ ನೀರಿನಲ್ಲೇ ಮೂರು ಸಲ ಜಾಲಿಸುವುದು. ಗೆರೆ ಬರಲಿಲ್ಲ. ಮಾವ ಉಟ್ಟು ನೋಡಿ, "ಗಂಜಿ ಸ್ವಲ್ಪ ಕಮ್ಮಿಯಾಯ್ತು ಅಳಿಯಂದ್ರೇ" ಅಂದರು. ಬಣ್ಣದ ಬಗ್ಗೆ ಮಾತಿಲ್ಲ, ಅದನ್ನೇ ಮೆಚ್ಚುಗೆ ಅಂತ ಬರೆದುಕೊಂಡಿದ್ದೇನೆ.

ಆಕ್ಸಿಜನ್ ಬ್ಲೀಚ್ ಯಾಕೆ ಹಾಕಲಿಲ್ಲ ಅಂತ ಕೇಳುತ್ತೀರಿ. ಅದು ನೀರಿಗೆ ಬಿದ್ದರೆ ಪೆರಾಕ್ಸೈಡ್ ಬಿಡುತ್ತದೆ. ಎಳೆಯಲ್ಲಿ ಕಬ್ಬಿಣ ಕೂತಿರುವಾಗ ಪೆರಾಕ್ಸೈಡ್ ಬಿದ್ದರೆ ಆ ಜಾಗದಲ್ಲೇ ಹತ್ತಿ ಸವೆದು ಸಣ್ಣ ತೂತು ಬೀಳುತ್ತದೆ. ಈಗ ಕಬ್ಬಿಣ ಹೋಗಿದೆ, ಟವೆಲ್ಲುಗಳ ಮೇಲೆ ನೋಡಬಹುದು. ಹಾಗೇ ಅತ್ತೆಯ ರೇಷ್ಮೆ ಸೀರೆಗೆ ಅಂಟುವಾಳ ನೆನೆಸಿಟ್ಟಿದ್ದೇನೆ. ಅದರ ನೊರೆ ಗಡಸು ನೀರಿನಲ್ಲಿ ಸೋಪಿನ ಹಾಗೆ ಒಡೆದು ಜಿಡ್ಡಾಗುವುದಿಲ್ಲ, ಕ್ಷಾರವೂ ಅಲ್ಲ, ರೇಷ್ಮೆಗೆ ಒಳ್ಳೆಯದು. ಸೀರೆ ಮುಟ್ಟಲು ಅನುಮತಿ ಮಾತ್ರ ಇನ್ನೂ ಸಿಕ್ಕಿಲ್ಲ.

ಆದರೆ ತಲೆ ತಿನ್ನುತ್ತಿರುವುದು ಬೇರೆ. ಡ್ರಮ್ಮು ಕಬ್ಬಿಣ ತೆಗೆಯಿತು, ಗಡಸು ಹಾಗೇ ಇದೆ. ಅದಕ್ಕೇ ಈಗ ಮಳೆ ನೀರು ಹಿಡಿಯುವ ಯೋಚನೆ. ತಾರಸಿ 60 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಹತ್ತು ಮಿಲಿಮೀಟರಿನ ಒಂದು ಸಣ್ಣ ಮಳೆಗೆ 600 ಲೀಟರ್, ಮೊದಲ ಕೊಳೆ ನೀರು ಬಿಟ್ಟರೂ ಎರಡು ಡ್ರಮ್ಮು ಧಾರಾಳ. ಪೈಪು, ಜಾಲರಿ ಎಲ್ಲ ಬಂದಿದೆ. ಬೆಂಡ್ ಮಾತ್ರ ನಾಲ್ಕು ಇಂಚಿನದ್ದು ಕೇಳಿದರೆ ಮೂರು ಇಂಚಿನದ್ದು ಕಳಿಸಿದ್ದಾರೆ, ಅದೂ ಎರಡನೇ ಸಲ.

ನಿನ್ನೆ ರಾತ್ರಿ ಮಳೆ ಬಂತು. ತಡೆಯಲಾರದೆ ಪ್ಲಾಸ್ಟಿಕ್ ಹಾಳೆ ಕಟ್ಟಿ ಎರಡು ಬಕೆಟ್ ಹಿಡಿದೆ. ಕಿಟ್ ತೆಗೆದು ಇಂಡಿಕೇಟರ್ ಪುಡಿ ಹಾಕಿದೆ. ಹಾಕಿದ ತಕ್ಷಣ ನೀಲಿ. ಹನಿ ಬಾಟಲಿಯ ಮುಚ್ಚಳ ತೆಗೆಯುವ ಕೆಲಸವೇ ಬರಲಿಲ್ಲ.