600 ಕಿಲೋ ಸ್ಪಂಜು, 12.5 ಮಿಲಿಗ್ರಾಂ ಮದ್ದು

ಕಡಲ ಜೀವಿಯಲ್ಲಿ ಕ್ಯಾನ್ಸರಿಗೆ ಮದ್ದು ಸಿಕ್ಕಿತೆಂಬ ಸುದ್ದಿ ಬಂದಾಗೆಲ್ಲ ಮೊದಲು ಕೇಳಬೇಕಾದದ್ದು, ಎಷ್ಟು ಸಿಕ್ಕಿತು ಎಂದು. 1980ರ ದಶಕದಲ್ಲಿ ಜಪಾನಿನ ಹಿರಾತಾ ಮತ್ತು ಉಯೆಮುರಾ ಅವರ ತಂಡ ಹ್ಯಾಲಿಕಾಂಡ್ರಿಯಾ ಒಕಡಾಯ್ ಎಂಬ ಸ್ಪಂಜನ್ನು 600 ಕಿಲೋದಷ್ಟು ಸಂಸ್ಕರಿಸಿದಾಗ ಕೈಗೆ ಬಂದ, ಕ್ಯಾನ್ಸರ್ ಕೋಶಗಳನ್ನು ತಡೆಯುವ ಹ್ಯಾಲಿಕಾಂಡ್ರಿನ್ ಬಿ ಎಂಬ ಅಣು ಬರೀ 12.5 ಮಿಲಿಗ್ರಾಂ. ಮುಂದೆ ನ್ಯೂಜಿಲೆಂಡಿನಲ್ಲಿ ಬೇರೊಂದು ಸ್ಪಂಜನ್ನು ಟನ್‌ಗಟ್ಟಲೆ ತೆಗೆದರೂ ಟನ್ನಿಗೆ ಸುಮಾರು 300 ಮಿಲಿಗ್ರಾಂ ದಕ್ಕಿತು. ಸಮುದ್ರ ಬರಿದು ಮಾಡಿದರೂ ಆಸ್ಪತ್ರೆಗಳಿಗೆ ಸಾಲದು.

ದಾರಿ ತೆರೆದದ್ದು ಹಾರ್ವರ್ಡ್‌ನ ರಸಾಯನಶಾಸ್ತ್ರಜ್ಞ ಯೋಶಿಟೊ ಕಿಶಿ. 1992ರಲ್ಲಿ ಅವರ ತಂಡ ಇಡೀ ಅಣುವನ್ನು ಪ್ರಯೋಗಾಲಯದಲ್ಲೇ ಕಟ್ಟಿತು. ನಡುವೆ ಸಿಕ್ಕ ತುಣುಕುಗಳನ್ನು ಪರೀಕ್ಷಿಸಿದಾಗ, ಅಣುವಿನ ಬಲಭಾಗದ ಅರ್ಧವೊಂದೇ ಕ್ಯಾನ್ಸರ್ ಕೋಶಗಳನ್ನು ತಡೆಯಲು ಸಾಕು ಎಂದು ಗೊತ್ತಾಯಿತು. ನನ್ನ ಪ್ರಕಾರ ಇಡೀ ಕಥೆಯಲ್ಲಿ ಅತಿ ದೊಡ್ಡ ಶೋಧ ಇದೇ. ಆ ಅರ್ಧವನ್ನು ಐಸಾಯ್ ಎಂಬ ಔಷಧ ಕಂಪನಿ ತಿದ್ದಿ ಎರಿಬುಲಿನ್ ಎಂಬ ಮದ್ದು ಮಾಡಿತು. ಆದರೂ ಅದನ್ನು ತಯಾರಿಸಲು 60ಕ್ಕೂ ಹೆಚ್ಚು ಹಂತಗಳು, ದಿಕ್ಕು ತಪ್ಪದಂತೆ ಜೋಡಿಸಬೇಕಾದ 19 ಇಂಗಾಲ ಕೇಂದ್ರಗಳು!

ಕೋಶ ಇಬ್ಭಾಗವಾಗುವಾಗ ವರ್ಣತಂತುಗಳನ್ನು ಎಳೆಯುವ ಸೂಕ್ಷ್ಮನಾಳಿಕೆಗಳ ಬೆಳೆಯುವ ತುದಿಗೆ ಎರಿಬುಲಿನ್ ಅಂಟಿಕೊಳ್ಳುತ್ತದೆ. ನಾಳಿಕೆ ಉದ್ದವಾಗುವುದು ನಿಂತು, ಕೋಶ ವಿಭಜನೆಯ ನಡುವೆಯೇ ಸಿಕ್ಕಿಕೊಂಡು ಸಾಯುತ್ತದೆ.

2010ರಲ್ಲಿ ಅಮೆರಿಕದಲ್ಲಿ, ದೇಹದ ಬೇರೆಡೆಗೆ ಹರಡಿದ ಸ್ತನ ಕ್ಯಾನ್ಸರಿಗೆ ಒಪ್ಪಿಗೆ ಸಿಕ್ಕಿತು. 762 ಮಹಿಳೆಯರ ಪರೀಕ್ಷೆಯಲ್ಲಿ ಎರಿಬುಲಿನ್ ಪಡೆದವರು ಬದುಕಿದ ಮಧ್ಯಮ (ಮೀಡಿಯನ್) ಅವಧಿ 13.1 ತಿಂಗಳು, ವೈದ್ಯರು ಆರಿಸಿದ ಬೇರೆ ಚಿಕಿತ್ಸೆ ಪಡೆದವರಲ್ಲಿ 10.6. ಅಂತರ ಚಿಕ್ಕದೆನಿಸಬಹುದು. ಆದರೆ ಅವರೆಲ್ಲ ಅದಾಗಲೇ ಹಲವು ಕಿಮೋ ಮುಗಿಸಿದ್ದವರು.

ಡೋಸ್ ಲೆಕ್ಕದಲ್ಲಿ ಒಂದು ಎಚ್ಚರ ಬೇಕೇ ಬೇಕು. ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ಅಮೆರಿಕದ ಲೇಬಲ್ 1.4 ಮಿಲಿಗ್ರಾಂ ಎನ್ನುತ್ತದೆ, ಯುರೋಪಿನದು 1.23. ಎರಡರಲ್ಲೂ ಮದ್ದಿನ ಪ್ರಮಾಣ ಒಂದೇ, ಮೊದಲನೆಯದು ಎರಿಬುಲಿನ್ ಮೆಸಿಲೇಟ್ ಎಂಬ ಇಡೀ ಲವಣದ ತೂಕ, ಎರಡನೆಯದು ಎರಿಬುಲಿನ್‌ನದು ಮಾತ್ರ. ಅಮೆರಿಕದ ಲೆಕ್ಕದಲ್ಲಿ 1.5 ಚದರ ಮೀಟರಿನವರಿಗೆ 2.1 ಮಿಲಿಗ್ರಾಂ, ಅಂದರೆ ಮಿಲಿಲೀಟರಿಗೆ 0.5 ಮಿಲಿಗ್ರಾಂನಂತೆ 4.2 ಮಿಲಿಲೀಟರ್. ಅದೇ 2.1ನ್ನು ತಪ್ಪಿ ಯುರೋಪಿನ ಲೇಬಲ್ಲಿನ ಸಾಂದ್ರತೆಯಿಂದ (ಮಿಲಿಲೀಟರಿಗೆ 0.44 ಮಿಲಿಗ್ರಾಂ) ಭಾಗಿಸಿದರೆ ಸುಮಾರು 4.8 ಮಿಲಿಲೀಟರ್ ಹೋಗಿಬಿಡುತ್ತದೆ.

21 ದಿನದ ಸುತ್ತಿನಲ್ಲಿ 1ನೇ ಮತ್ತು 8ನೇ ದಿನ, 2ರಿಂದ 5 ನಿಮಿಷದಲ್ಲಿ ರಕ್ತನಾಳಕ್ಕೆ ಕೊಡುತ್ತಾರೆ. ಬೆರೆಸುವುದಿದ್ದರೆ ಸಲೈನ್ ಮಾತ್ರ, ಡೆಕ್ಸ್ಟ್ರೋಸ್ ಕೂಡದು. ಸೋಂಕು ತಡೆಯುವ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್ ಘನ ಮಿಲಿಮೀಟರಿಗೆ 1000ಕ್ಕಿಂತ ಕೆಳಗಿದ್ದರೆ ಆ ದಿನದ ಡೋಸ್ ಇಲ್ಲ. ಕೈಕಾಲು ಜೋಮು ಹಿಡಿಯುವುದು, ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸುವುದು ನರಗಳಿಗೆ ಪೆಟ್ಟು ಬೀಳುತ್ತಿರುವ ಲಕ್ಷಣ. ಮುಂದಿನ ಡೋಸಿಗೆ ಮೊದಲೇ ಹೇಳಿ. ತೀವ್ರವಾಗಿದ್ದರೆ ತಡೆದು, ಕಡಿಮೆಯಾದ ಮೇಲೆ 1.4ರ ಬದಲು 1.1ಕ್ಕೆ ಇಳಿಸಿ ಮುಂದುವರಿಸುತ್ತಾರೆ.