ಎರಡು ಎಳನೀರು

13 ಜೂನ್ 2024, ಗುರುವಾರ ರಾತ್ರಿ

ಸಂಜೆ ಪುಟ್ಟ ಬಂದವನೇ ಚಪ್ಪಲಿ ಬಿಡುತ್ತಾ ಹೇಳಿದ, "ಅಕ್ಕಾ, ಎರಡು ಎಳನೀರು ಕುಡಿದೆ. ಒಂದರ ಹಿಂದೆ ಒಂದು. ಏನೂ ಆಗಲಿಲ್ಲ."

ಆಗಿನಿಂದ ಅದೇ ತಲೆಯಲ್ಲಿ ಕೂತಿದೆ.

ಪಿಯುಸಿ ದಿನಗಳಿಂದಲೂ ಅವನದು ಒಂದೇ ಮಾತು, "ನೀರು ಕುಡಿದರೇ ನೋವು ಬರೋದು." ಕ್ರಿಕೆಟ್ ಆಡಿ ಬಂದು ಒಂದು ಚೊಂಬು ಎತ್ತಿದರೆ ಸಾಕು, ಎಡಗಡೆ ಪಕ್ಕೆ ಹಿಡಿದು ಮುದುರಿ ಮಲಗುತ್ತಿದ್ದ. ವಾಂತಿ ಬೇರೆ. ಎರಡು ಗಂಟೆ ಬಿಟ್ಟು ಏನೂ ಆಗದವನ ಹಾಗೆ ಊಟ ಕೇಳುತ್ತಿದ್ದ. ಗ್ಯಾಸ್ ಅಂದರು, ದೃಷ್ಟಿ ಅಂದರು. ನಾನು ಮಾತ್ರ ಮಹಾ ಬುದ್ಧಿವಂತೆ, "ಕಲ್ಲಾಗಿರುತ್ತೆ, ಇನ್ನೂ ಜಾಸ್ತಿ ಕುಡಿ" ಅಂತ ಎದುರು ನಿಂತು ಕುಡಿಸುತ್ತಿದ್ದೆ.

ಡಾಕ್ಟರು ಫೈಲಿನ ಹಿಂದೆ ಒಂದು ಆಲಿಕೆ ಬರೆದು ತೋರಿಸಿದರು. ಕಿಡ್ನಿಯ ಮೂತ್ರವೆಲ್ಲ ಬಂದು ಸೇರುವ ಜಾಗವಂತೆ ಅದು. ಆಲಿಕೆಗೆ ನಾಳ ಸೇರುವ ಕಡೆ ಪೆನ್ನಿನಿಂದ ಒತ್ತಿ ಗೀಚಿದರು. ಪಿಯುಜೆ ಅಡೆ, ಅಂದರೆ ಆ ಸೇರುವ ಕಡೆಯೇ ಇಕ್ಕಟ್ಟು. ಮೇಲಿಂದ ಒಂದು ರಕ್ತನಾಳ ಬೇರೆ ಅಡ್ಡ ಹಾದು ಹೋಗಿದೆ. "ನೀರು ಜಾಸ್ತಿ ಕುಡಿದಾಗ ಇದು ಉಬ್ಬುತ್ತೆ, ಆಗಲೇ ನೋವು." ಪುಟ್ಟ ನನ್ನ ಕಡೆ ತಿರುಗಿ ನೋಡಲಿಲ್ಲ. ನೋಡಿ ಬೈದಿದ್ದರೂ ಆಗುತ್ತಿತ್ತು.

ಆಪರೇಷನ್ ಆಗಿ ಆರು ವಾರ. ಇಕ್ಕಟ್ಟಾದ ತುಂಡು ಕತ್ತರಿಸಿ ತೆಗೆದು, ರಕ್ತನಾಳದ ಮುಂದೆ ತಂದು ಮತ್ತೆ ಹೊಲಿದಿದ್ದಾರೆ. 1949ರಲ್ಲಿ ಆಂಡರ್ಸನ್, ಹೈನ್ಸ್ ಅನ್ನುವವರು ಹೇಳಿಕೊಟ್ಟ ಹೊಲಿಗೆಯೇ, ಒಳಗೆ ಹೋಗುವ ದಾರಿ ಮಾತ್ರ ಬದಲಾಗಿದೆಯಂತೆ. ಪಕ್ಕೆ ಉದ್ದಕ್ಕೂ ಕೊಯ್ಯುವ ಬದಲು ಮೂರು ತೂತು. ಅಮ್ಮ ಪ್ಲಾಸ್ಟರ್ ನೋಡಿ, "ಇಷ್ಟರಲ್ಲಿ ಕೈ ಹೇಗೆ ಹೋಯ್ತು?" ಅಂದಳು. ಮಾರನೇ ದಿನ ಹೊಟ್ಟೆಗಿಂತ ಭುಜವೇ ಜಾಸ್ತಿ ನೋಯುತ್ತಿತ್ತು. ಹೊಟ್ಟೆ ಉಬ್ಬಿಸೋಕೆ ತುಂಬಿದ ಗ್ಯಾಸಿನಿಂದ ಹಾಗಾಗುತ್ತೆ ಅಂತ ನರ್ಸ್ ಹೇಳಿದರೂ ಅಮ್ಮ ಕೇಳಲಿಲ್ಲ, ಕೊಬ್ಬರಿ ಎಣ್ಣೆ ತಿಕ್ಕಿದ್ದೇ ತಿಕ್ಕಿದ್ದು. ಕೊನೆಗೂ ಗ್ಯಾಸೇ ಅಲ್ವಾ ಅಂತ ಮೂವರೂ ನಕ್ಕೆವು.

ನಾಳೆ ಸ್ಟೆಂಟ್ ತೆಗೆಯುತ್ತಾರೆ. ಹೊಲಿದ ನಾಳದೊಳಗೆ ಇಟ್ಟಿರುವ, ಎರಡೂ ತುದಿ ಸುರುಳಿ ಸುತ್ತಿಕೊಂಡ ತೆಳು ಕೊಳವೆ. ಎಕ್ಸ್‌ರೇಯಲ್ಲಿ ನೋಡಿದ್ದೇನೆ. ಮೂತ್ರಕ್ಕೆ ಹೋದಾಗಲೆಲ್ಲ ಬೆನ್ನಲ್ಲಿ ಚುಳುಕ್ ಅನ್ನುತ್ತದಂತೆ, ಅದೊಂದು ತಪ್ಪಿದರೆ ಸಾಕು ಅನ್ನುತ್ತಾನೆ.

ಆಮೇಲೆ ಮೂರು ತಿಂಗಳಿಗೆ ಮತ್ತೆ ಡಿಟಿಪಿಎ ಸ್ಕ್ಯಾನ್, ಯಾವ ಕಿಡ್ನಿ ಎಷ್ಟು ಕೆಲಸ ಮಾಡುತ್ತೆ ಅಂತ ನೋಡೋಕೆ. ಹೋದ ಸಲ ಎಡ ಕಿಡ್ನಿಯ ಪಾಲು 34%. ಮೂತ್ರ ಹೆಚ್ಚಿಸುವ ಲ್ಯಾಸಿಕ್ಸ್ ಕೊಟ್ಟರೂ ಸ್ಕ್ಯಾನಿನ ಗೆರೆ ಇಳಿಯಲೇ ಇಲ್ಲ, ಅಂದರೆ ಮೂತ್ರ ಅಲ್ಲೇ ನಿಂತಿತ್ತು. ಆ ಚೊಂಬಿನ ದಿನಗಳಲ್ಲೇ ಅವನ ಮಾತು ನಂಬಿದ್ದರೆ ಆ ಅಂಕಿ ಎಷ್ಟಿರುತ್ತಿತ್ತೋ. ಡಾಕ್ಟರನ್ನು ಕೇಳೋಣ ಅಂತ ಎರಡು ಸಲ ಬಾಯಿ ತೆರೆದೆ. ನಾಳೆ ಆಟೋದಲ್ಲಿ ಅವನಿಗಾದರೂ ಹೇಳಬೇಕು, ಏನಂತ ಅಂದರೆ